ವಚನ ಭಂಡಾರದ ಸಂರಕ್ಷಕ

ಮಲಪ್ರಭಾ ನದಿಯ ದಂಡೆಯ ಮೇಲಿರುವ ಐಹೊಳೆಯು ಕಲ್ಲಿನಲ್ಲಿ ಬರೆದ ಇತಿಹಾಸದ ಊರು. ಅಲ್ಲಿಯ ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿಯು ರಚಿಸಿದ ಶಾಸನವಿದೆ. ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಅದು ಇಂದಿಗೂ ಸಾರುತ್ತಿದೆ. ಅದೇ ಮಲಪ್ರಭೆ ಮುಂದೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ವಿದ್ಯೆ ಕಲಿತುದೂ ಕೊನೆಗೆ ಐಕ್ಯರಾದುದೂ ಆ ಸಂಗಮದಲ್ಲಿಯೇ. ಅರಸನ ಪ್ರಶಸ್ತಿಗೆ ಕಲ್ಲಿನ ಆಸರೆ ದೊರೆಯಿತು. ಶರಣರ ಮಾತುಗಳಿಗಾದರೋ ದೊರೆತುದು ತಾಳೆಯ ಗರಿ ಮಾತ್ರ. ಕಲ್ಲು ಮಳೆ ಬಿಸಿಲುಗಳನ್ನು ತಡೆದುಕೊಂಡಿತು. ಗರಿಯು ಹುಳುವಿಗೆ ಆಹಾರವಾಗುತ್ತಿದ್ದಿತು. ಹಾಗೆ ನಾಶವಾಗುತ್ತಿದ್ದ ಗರಿಗಳನ್ನು ಒಂದೊಂದಾಗಿ ಕೂಡಿಸಿ ಕನ್ನಡ ನಾಡಿಗೆ ಮರಳಿ ಕೊಟ್ಟವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ತಾವು ಮೆಚ್ಚಿದ ವ್ಯಕ್ತಿಗಳ ನೆನಪಿನ ವಸ್ತುಗಳನ್ನು ಸಂಗ್ರಹಿಸುವುದು ಮನುಷ್ಯರ ಸಹಜ ಸ್ವಭಾವ. ಗಾಂಧೀಜಿಯವರು ಬಳಸಿದ ವಸ್ತುಗಳನ್ನೂ ಅವರ ಭಾವಚಿತ್ರಗಳನ್ನೂ ವಸ್ತುಸಂಗ್ರಹಾಲಯಗಳಲ್ಲಿ ಜೋಪಾನವಾಗಿ ಇರಿಸಿದ್ದಾರೆ. ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ವಸ್ತುಗಳನ್ನು ಕಾಪಾಡಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಹೆಸರಾಂತ ಗಾಲ್ಫ್ ಆಟಗಾರರು ಹಿಡಿದ ದಾಂಡುಗಳನ್ನೂ ಅವರ ಹಳೆಯ ಚಿತ್ರಗಳನ್ನೂ ಬಹಳ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ಆದರೆ ಶರಣರ ವಿಷಯದಲ್ಲಿ ಇಂತಹ ಸಂಗ್ರಹಕ್ಕೆ ಅವಕಾಶವೇ ಇರಲಿಲ್ಲ. ಅವರ ಕಾಲದಲ್ಲಿ ಛಾಯಾಚಿತ್ರವಿರಲಿಲ್ಲ. ಇಂದು ಮನೆಮನೆಗಳಲ್ಲಿ ಕಾಣುವ ಬಸವಣ್ಣನವರ, ಅಕ್ಕಮಹಾದೇವಿಯವರ ಚಿತ್ರಗಳು ಕಲಾವಿದರ ಕಲ್ಪನೆಯಿಂದ ಮೂಡಿದವು. ಶರಣರ ನಿಜವಾದ ಗುರುತಾಗಿ ಉಳಿದುದೆಂದರೆ ಅವರ ಮಾತು. ಆ ಮಾತಿನ ಬೆನ್ನುಹತ್ತಿ ಹಳಕಟ್ಟಿಯವರು ತಮ್ಮ ಆಯುಷ್ಯವನ್ನೆಲ್ಲ ಸವೆಸಿದರು.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಬರೆಯುತ್ತಿದ್ದವರು. ತಾಯಿ ದಾನಾದೇವಿಯವರು ಮಗನು ಇನ್ನೂ ಎಳೆಯ ಕೂಸಾಗಿದ್ದಾಗಲೇ ತೀರಿಕೊಂಡರು. ಧಾರವಾಡದಲ್ಲಿ ಶಾಲೆಯ ವಿದ್ಯಾಭ್ಯಾಸ ಮುಗಿಸಿದ ಹಳಕಟ್ಟಿಯವರು ಹೆಚ್ಚಿನ ಓದಿಗಾಗಿ ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಮುಂದೆ ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಆಲೂರ ವೆಂಕಟರಾಯರು ಅಲ್ಲಿ ಅವರ ಸಹಪಾಠಿಗಳಾಗಿದ್ದರು. ಮುಂಬಯಿಯಲ್ಲಿ ಮರಾಠಿ, ಗುಜರಾತಿ ಜನರಿಗೆ ತಮ್ಮ ಭಾಷೆಗಳ ಮೇಲಿದ್ದ ಅಭಿಮಾನವನ್ನು ಕಂಡಾಗ, ತಮ್ಮ ನಾಡಿನಲ್ಲಿ ಕನ್ನಡಕ್ಕೆ ಒದಗಿದ್ದ ದುಃಸ್ಥಿತಿಯು ಈ ತರುಣರ ಮನಸ್ಸನ್ನು ಕಲಕಿತು. 1904ರಲ್ಲಿ ಕಾಯಿದೆಯ ಪದವಿಯನ್ನು ಪಡೆದು, ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಹಳಕಟ್ಟಿಯವರು ಬಿಜಾಪುರಕ್ಕೆ ಬಂದು ನೆಲೆಸಿದರು. ಬುದ್ಧಿವಂತರೂ ಶ್ರಮಜೀವಿಗಳೂ ಆಗಿದ್ದ ಅವರಿಗೆ ವೃತ್ತಿಯಲ್ಲಿ ಹೆಸರು ಬರಲು ತಡವಾಗಲಿಲ್ಲ. ಸರಕಾರಿ ವಕೀಲರ ಸ್ಥಾನವೂ ಅವರಿಗೆ ದೊರೆಯಿತು. ಸುಖವಾಗಿ ಬಾಳಲು ಬೇಕಾದುದೆಲ್ಲ ಅವರ ಕೈಗೆ ಎಟುಕುವಂತಿದ್ದಿತು.

ಆದರೆ ಅವರ ಮನಸ್ಸು ಬೇರೆಡೆಗೆ ಒಲಿದಿದ್ದಿತು. ರಬಕವಿ-ಬನಹಟ್ಟಿಯ ಕಡೆಗೆ ಹೋಗಿದ್ದಾಗ ಒಂದು ಮನೆಯಲ್ಲಿದ್ದ ಓಲೆಗರಿಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದುವು. ಬಿಚ್ಚಿ ಓದಿದಾಗ ಅವುಗಳಲ್ಲಿ ಶರಣರ ವಚನಗಳಿದ್ದುವು. ಕೆಲವು ವಚನ ಗ್ರಂಥಗಳು ಅದಕ್ಕೆ ಮೊದಲೇ ಅಚ್ಚಾಗಿದ್ದುದು ನಿಜ. ಆದರೆ ಇಷ್ಟು ವಿಸ್ತಾರವಾದ ಸಾಹಿತ್ಯವೊಂದು ಹಳ್ಳಿಹಳ್ಳಿಗಳ ಮೂಲೆಗಳಲ್ಲಿ ಧೂಳು ತಿನ್ನುತ್ತಿದೆಯೆಂಬುದು ವಿದ್ಯಾವಂತರಲ್ಲಿ ಹೆಚ್ಚು ಮಂದಿಗೆ ತಿಳಿದಿರಲಿಲ್ಲ. ತಾವು ಕಂಡ ಆ ಕಟ್ಟುಗಳಂತೆ ನಾಡಿನಲ್ಲಿ ಇನ್ನೆಷ್ಟು ಇರಬಹುದು, ಅವುಗಳಲ್ಲಿ ಎಷ್ಟು ಈಗಾಗಲೇ ಹಾಳಾಗಿರಬಹುದು ಎಂಬ ಚಿಂತೆಯು ಹಳಕಟ್ಟಿಯವರನ್ನು ಹಿಡಿಯಿತು. ಅದು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಓಲೆಗರಿಯ ಗ್ರಂಥ ಹೇಗಿರುತ್ತದೆಂಬುದನ್ನು ತಿಳಿದರೆ ಅವರ ಕಾರ್ಯದ ಕಷ್ಟವು ಅರ್ಥವಾದೀತು. ಹದಮಾಡಿದ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಮೇಲೆ ಮಸಿಯನ್ನು ಸವರಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಂತು ಬರಹವು ಎದ್ದು ಕಾಣುತ್ತಿದ್ದಿತು. ಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಯಿಟ್ಟು ಕಟ್ಟುತ್ತಿದ್ದರು. ಮಸಿ ಮಾಸಿದರೆ ಅಕ್ಷರ ಕಾಣುವುದಿಲ್ಲ. ಗರಿ ಒಣಗಿದರೆ ಮುಟ್ಟಿದಲ್ಲಿ ಮುರಿಯುತ್ತದೆ. ತೇವ ತಾಗಿದರೆ ಕೊಳೆಯುತ್ತದೆ. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ತೆರಪು ಇರುವುದಿಲ್ಲ. ಒಂದು ವಚನವು ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ಆರಂಭವಾಯಿತು ಎಂಬುದನ್ನು ಓದುವವನೇ ಗುರುತಿಸಬೇಕು. ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣನವರದು, ಗುಹೇಶ್ವರ ಎಂದು ಬಂದರೆ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನ ಎಂದು ಬಂದರೆ ಅಕ್ಕಮಹಾದೇವಿಯದು ಎಂದು ಅಂಕಿತದಿಂದ ತಿಳಿಯಬೇಕು. ಹೆಚ್ಚು ಪ್ರಸಿದ್ಧರಲ್ಲದ ಶರಣರ ಅಂಕಿತಗಳನ್ನು ಪತ್ತೆಹಚ್ಚುವುದಂತೂ ಇನ್ನೂ ಕಠಿಣವಾದ ಕೆಲಸ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದ್ದಿತು. ಅನೇಕ ಮನೆಗಳಲ್ಲಿ ಈ ಕಟ್ಟುಗಳನ್ನು ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದರು. ಅವುಗಳನ್ನು ಬಿಚ್ಚಿ ಓದುವ ವಾಡಿಕೆ ತಪ್ಪಿಹೋಗಿದ್ದಿತು. ಹಿರಿಯರಿಂದ ಬಂದ ಪವಿತ್ರ ವಸ್ತುವನ್ನು ಪರರ ಕೈಗೆ ಕೊಡಲು ಮನೆಯವರು ಹಿಂಜರಿಯುವುದು ಸಹಜವೇ ಆಗಿದ್ದಿತು. ಅವರದು ಭಕ್ತಿಯೇ ಹೊರತು ತಾತ್ಸಾರವಲ್ಲ. ಆದರೆ ಹೂವು ವಿಭೂತಿಗಳ ಅಡಿಯಲ್ಲಿ ಗರಿಯು ಸದ್ದಿಲ್ಲದೆ ಹುಡಿಯಾಗುತ್ತಿದ್ದಿತು. ಪೂಜೆಯೊಂದರಿಂದಲೇ ಗ್ರಂಥ ಉಳಿಯದು, ಅದನ್ನು ಓದಬೇಕು, ನಕಲು ಮಾಡಬೇಕು, ಅಚ್ಚು ಹಾಕಿಸಿ ಹಂಚಬೇಕು ಎಂಬುದು ಹಳಕಟ್ಟಿಯವರ ನಿಲುವು. ಅವರು ಊರೂರು ತಿರುಗಿ, ಮಠಗಳ ಬಾಗಿಲಿಗೂ ಮನೆಗಳ ಬಾಗಿಲಿಗೂ ಹೋಗಿ, ವಿನಯದಿಂದ ಕೇಳಿ ಕಟ್ಟುಗಳನ್ನು ಸಂಗ್ರಹಿಸಿದರು. ವರ್ಷಗಳು ಉರುಳಿದಂತೆ ಅವರ ಸಂಗ್ರಹವು ಒಂದು ಭಂಡಾರವೇ ಆಯಿತು.

ಈ ಕಾರ್ಯದ ಜೊತೆಗೆ ಸಮಾಜದ ಕೆಲಸವನ್ನೂ ಅವರು ಕೈಬಿಡಲಿಲ್ಲ. ವಿದ್ಯೆಯಿಲ್ಲದ ಜನ ಶರಣರ ಮಾತನ್ನು ಓದುವುದಾದರೂ ಹೇಗೆ? 1910ರಲ್ಲಿ ಬಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸುವಲ್ಲಿ ಅವರು ಮುಂದಾಳುಗಳಾದರು. ಸಾಲದ ಹೊರೆಯಿಂದ ಬಳಲುತ್ತಿದ್ದವರ ನೆರವಿಗಾಗಿ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಪ್ರಯತ್ನದಿಂದ ಹುಟ್ಟಿತು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿಯೂ ಅವರು ಸೇವೆ ಸಲ್ಲಿಸಿದರು.

ಸಂಗ್ರಹಿಸಿದ ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಅವರು ಒಂದು ಗ್ರಂಥವನ್ನು ಸಿದ್ಧಪಡಿಸಿದರು. ಅದನ್ನು ಮುದ್ರಣಕ್ಕಾಗಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅಲ್ಲಿ ಅದು ಅಚ್ಚಾಗದೆ ಹಿಂದಿರುಗಿ ಬಂದಿತು. ಹಳಕಟ್ಟಿಯವರು ಧೈರ್ಯಗುಂದಲಿಲ್ಲ. 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಶತಮಾನಗಳ ಕಾಲ ಮೂಲೆಯಲ್ಲಿ ಮಲಗಿದ್ದ ಮಾತುಗಳು ಪುಸ್ತಕದ ರೂಪದಲ್ಲಿ ಓದುಗರ ಕೈ ಸೇರಿದುವು. ಕನ್ನಡ ಸಾಹಿತ್ಯದ ಇತಿಹಾಸದಲ್ಲಿ ಅದೊಂದು ಮಹತ್ತ್ವದ ಘಟನೆಯೆಂಬುದರಲ್ಲಿ ಸಂದೇಹವಿಲ್ಲ.

ಪ್ರತಿಯೊಂದು ಗ್ರಂಥಕ್ಕೂ ಪರರ ಮುದ್ರಣಾಲಯವನ್ನು ನೆಚ್ಚಿ ಕುಳಿತರೆ ಕೆಲಸ ಸಾಗದೆಂದು ಅವರಿಗೆ ಮನವರಿಕೆಯಾಯಿತು. ಸ್ವಂತ ಮುದ್ರಣಾಲಯಕ್ಕೆ ಹಣ ಬೇಕಾಗಿದ್ದಿತು. ಆಗ ಅವರು ತಾವು ವಾಸವಾಗಿದ್ದ ಮನೆಯನ್ನೇ ಮಾರಿದರು. 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವು ಆರಂಭವಾಯಿತು. ವಕೀಲರೊಬ್ಬರು ದುಡಿದು ಮನೆ ಕಟ್ಟಿಸುವುದನ್ನು ಲೋಕವು ಕಂಡಿದೆ. ಪುಸ್ತಕ ಅಚ್ಚು ಹಾಕಲು ಮನೆ ಮಾರುವುದನ್ನು ಕಂಡುದು ಅಪರೂಪ. ಆ ತ್ಯಾಗದ ಭಾರವನ್ನು ಹೊತ್ತವರು ಅವರೊಬ್ಬರೇ ಅಲ್ಲ. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಬಾಡಿಗೆಯ ಮನೆಯ ಬಾಳನ್ನು ಅವರೊಡನೆ ಹಂಚಿಕೊಂಡರು.

1926ರಲ್ಲಿ ಶಿವಾನುಭವ ಎಂಬ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆಯನ್ನೂ ಅವರು ಪ್ರಾರಂಭಿಸಿದರು. ಓಲೆಗರಿಯನ್ನು ಓದುವವರು, ನಕಲು ಮಾಡುವವರು, ಕರಡು ತಿದ್ದುವವರು, ಲೇಖನ ಬರೆಯುವವರು ಎಲ್ಲವೂ ಬಹುಮಟ್ಟಿಗೆ ಅವರೇ. ಪತ್ರಿಕೆಯ ಪ್ರತಿಗಳನ್ನು ಸೈಕಲ್ಲಿನ ಮೇಲಿಟ್ಟುಕೊಂಡು ತಾವೇ ಸಾಗಿಸುತ್ತಿದ್ದರು. ಚಂದಾದಾರರು ಕಡಿಮೆ, ಖರ್ಚು ಹೆಚ್ಚು. ವಕೀಲಿಗೆ ಮೀಸಲಾಗಬೇಕಾದ ಹೊತ್ತನ್ನು ವಚನಗಳು ನುಂಗುತ್ತಿದ್ದುವು. ಸಾಲ ಬೆಳೆಯಿತು. ಆದರೂ ಅವರು ಕೈಚೆಲ್ಲಿ ಕೂಡಲಿಲ್ಲ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯು 1930ರಲ್ಲಿ ಅವರಿಂದ ಪ್ರಕಟವಾಯಿತು. ಹರಿಹರ ಕವಿಯ ರಗಳೆಗಳನ್ನೂ ಅವರು ಬೆಳಕಿಗೆ ತಂದರು. ಶರಣರ ಜೀವನ ಚರಿತ್ರೆಗಳನ್ನು ಬರೆದರು. ಅಂಬಿಗ, ಮಾದಾರ, ಮಡಿವಾಳ ಮೊದಲಾದ ಕಾಯಕಜೀವಿಗಳೂ ಸಾಮಾನ್ಯ ಮನೆತನದ ಹೆಣ್ಣುಮಕ್ಕಳೂ ಎಂಟು ನೂರು ವರ್ಷಗಳ ಹಿಂದೆಯೇ ತಮ್ಮ ಅನುಭವವನ್ನು ಕನ್ನಡದಲ್ಲಿ ನುಡಿದಿದ್ದರೆಂಬ ಸತ್ಯವು ಅವರ ಶ್ರಮದಿಂದ ನಾಡಿಗೆ ತಿಳಿಯಿತು. ಬೆರಳೆಣಿಕೆಯ ವಚನಕಾರರ ಪರಿಚಯವಿದ್ದ ಜನರಿಗೆ ಇನ್ನೂರಕ್ಕೂ ಹೆಚ್ಚು ಮಂದಿಯ ಹೆಸರುಗಳು ಗೊತ್ತಾದುವು. ಅರಸರಿಗೆ ಶಾಸನಗಳಿದ್ದುವು, ಈ ಜನರಿಗೆ ಗರಿಯ ಹೊರತು ಬೇರೆ ಸಾಕ್ಷಿಯಿರಲಿಲ್ಲ.

ನಾಡು ಅವರನ್ನು ಗುರುತಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯು ಅವರಿಗೆ ಸಂದಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸನ್ಮಾನಿಸಿತು. ಜನರು ಅವರನ್ನು ವಚನ ಪಿತಾಮಹರೆಂದು ಕರೆದರು. ಗೋಲಗುಮ್ಮಟದ ಊರಿನಲ್ಲಿ ಬಾಳಿದ ಅವರಿಗೆ ವಚನ ಗುಮ್ಮಟ ಎಂಬ ಹೆಸರೂ ಒಪ್ಪುವಂತೆ ಬಂದಿತು. ಆದರೆ ಬಿರುದುಗಳು ಬಡತನವನ್ನು ನೀಗಿಸಲಿಲ್ಲ. ಸರಳವಾದ ಉಡುಪು, ಸರಳವಾದ ಊಟ, ಬಿಡುವಿಲ್ಲದ ದುಡಿಮೆ ಇವೇ ಅವರ ಇಳಿವಯಸ್ಸಿನ ಸಂಗಾತಿಗಳಾದುವು. 1964ರ ಜೂನ್ ತಿಂಗಳಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಶಿವೈಕ್ಯರಾದರು.

ಅವರು ಹಾಕಿದ ಅಡಿಪಾಯದ ಮೇಲೆ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ ಮೊದಲಾದ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ಹೋಲಿಸಿ ಇನ್ನಷ್ಟು ಶುದ್ಧವಾದ ಪಾಠಗಳನ್ನು ಸಿದ್ಧಪಡಿಸಿದರು. 1993ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳು ಅವುಗಳಲ್ಲಿ ಸೇರಿವೆ. ಹಳಕಟ್ಟಿಯವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತದೆ. ಅಂದು ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕುತ್ತಾರೆ. ಶರಣರಿಗಿಲ್ಲದ ಛಾಯಾಚಿತ್ರವು ಅವರನ್ನು ಹುಡುಕಿ ಹೊರಟ ಈ ಹಿರಿಯರಿಗಿದೆ. ಆದರೆ ಜಗಲಿಯ ಮೇಲಿನ ಕಟ್ಟನ್ನು ಬಿಚ್ಚಿ ಓದಬೇಕೆಂದು ಹೇಳಿದವರನ್ನು ಹೂಮಾಲೆಯೊಂದರಿಂದಲೇ ನೆನೆದರೆ ಸಾಲದು. ಅವರು ಮನೆ ಮಾರಿ ಉಳಿಸಿಕೊಟ್ಟ ಪುಸ್ತಕವನ್ನು ತೆರೆದು ಓದುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.