ಸಾರ್ವಜನಿಕ ಕಾಕಾ

ನಯವಾದ ಪರದೇಶೀ ಬಟ್ಟೆಯನ್ನುಡುವವನು ದೊಡ್ಡ ಮನುಷ್ಯನೆಂತಲೂ, ಒರಟಾದ ನಾಡಬಟ್ಟೆಯನ್ನುಡುವವನು ಬಡವನೆಂತಲೂ ಬಗೆಯುವ ಭ್ರಾಂತಿಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭ್ರಾಂತಿಯನ್ನು ತಮ್ಮ ಉಡುಪಿನಿಂದಲೇ ಖಂಡಿಸಿದ ಮಹನೀಯರು ಗಣೇಶ ವಾಸುದೇವ ಜೋಶಿಯವರು.

1828ರಲ್ಲಿ ಜನಿಸಿದ ಇವರು ಪುಣೆಯಲ್ಲಿ ವಕೀಲರಾಗಿದ್ದರು. 1870ರಲ್ಲಿ ಅಲ್ಲಿ ಸಾರ್ವಜನಿಕ ಸಭೆಯು ಸ್ಥಾಪಿತವಾಗಲು, ಅದರ ಜೀವಾಳವಾಗಿದ್ದ ಇವರನ್ನು ಜನರು ಅಕ್ಕರೆಯಿಂದ ಸಾರ್ವಜನಿಕ ಕಾಕಾ ಎಂದೇ ಕರೆಯತೊಡಗಿದರು. ಆಗ ಮ್ಯಾಂಚೆಸ್ಟರಿನ ಬಟ್ಟೆಯು ಅಗ್ಗವೂ ನಯವೂ ಆಗಿ ಪೇಟೆಗಳನ್ನು ತುಂಬಿತ್ತು. ನಮ್ಮ ನೇಕಾರನ ಮಗ್ಗವು ಮೂಕವಾಗುತ್ತಲಿತ್ತು. ಗಿರಾಕಿಯ ಮನಸ್ಸು ತಿರುಗಿದ ಹೊರತು ಮಗ್ಗವು ನಡೆಯದೆಂದು ಕಾಕಾ ಅವರು ಬಗೆದರು. ಪರರಿಗೆ ಬೋಧಿಸುವ ಮೊದಲು, 1872ರಲ್ಲಿ, ಖಾದಿಯನ್ನೇ ಉಡುವ ವ್ರತವನ್ನು ತಾವು ತೊಟ್ಟರು. ಮಹಾತ್ಮಾ ಗಾಂಧಿಯವರು ಆಗ ಎರಡು ವರ್ಷದ ಕೂಸು! ಸ್ವದೇಶೀ ಸರಕಿನ ಮಾರಾಟಕ್ಕೂ ಕಾಕಾ ಅವರು ಶ್ರಮಿಸಿದರು.

1877ರ ದಿಲ್ಲಿ ದರಬಾರಿಗೆ ರಾಜಮಹಾರಾಜರು ರತ್ನಾಭರಣಗಳಿಂದ ಮೆರೆಯುತ್ತ ಬಂದಿರಲು, ಇವರು ಬಿಳಿಯ ಖಾದಿಯಲ್ಲಿಯೇ ಹೋಗಿ ಸಭೆಯ ಬಿನ್ನವತ್ತಳೆಯನ್ನು ಅರ್ಪಿಸಿದರು. 1879ರಲ್ಲಿ ರಾಜದ್ರೋಹಿಯೆನಿಸಿದ ವಾಸುದೇವ ಬಳವಂತ ಫಡಕೆಯವರ ಪರವಾಗಿ ನ್ಯಾಯಾಲಯದಲ್ಲಿ ನಿಂತರು. ಮರುವರುಷವೇ, 1880ರಲ್ಲಿ, ಕಾಲವಶರಾದರು.

ಸ್ವದೇಶೀ ವ್ರತವು ದೇಶವ್ಯಾಪಿಯಾದದ್ದು 1905ರ ವಂಗಭಂಗದ ತರುವಾಯ. ಅದನ್ನು ಕಾಣುವ ಭಾಗ್ಯವು ಕಾಕಾ ಅವರಿಗಿರಲಿಲ್ಲ. ಪರದೇಶದ ಮುದ್ರೆಯನ್ನು ಕಂಡೊಡನೆ ಗುಣವನ್ನು ಪರೀಕ್ಷಿಸದೆ ದುಪ್ಪಟ್ಟು ಬೆಲೆ ತೆರುವ ಚಾಳಿಯು ಸ್ವತಂತ್ರ ಭಾರತದಲ್ಲಿ ಇಂದಿಗೂ ಅಳಿದಿಲ್ಲ. ಪರದೇಶದ ಒಳ್ಳೆಯ ವಸ್ತುವನ್ನು ನಾವು ಹಳಿಯುವುದಿಲ್ಲ. ಆದರೆ ನೆರೆಮನೆಯ ನೇಕಾರನ ಸೀರೆಯನ್ನು ಉಡಲು ನಾಚುವ ಸಮಾಜವು ತನ್ನ ಮಾನವನ್ನು ಪರರ ಅಂಗಡಿಯಲ್ಲಿ ಕೊಳ್ಳಲಾರದೆಂಬುದನ್ನು ವಾಚಕರು ಮರೆಯದಿರಲಿ.