ಸನ್ನೆ ಭಾಷೆ ಕಲಿಸಿದರೆ ಮಗು ಓದು ಕಲಿಯುವುದಿಲ್ಲವೇ? ಲೊರಾಂ ಕ್ಲೆರ್ ಬದುಕು ನೋಡಿ

ಕಿವಿ ಕೇಳದ ಮಗುವಿಗೆ ಸನ್ನೆ ಭಾಷೆ ಕಲಿಸಿದರೆ ಓದು-ಬರಹದಲ್ಲಿ ಹಿಂದೆ ಬೀಳುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? 200 ವರ್ಷ ಹಿಂದಿನ ಒಬ್ಬ ಮೇಷ್ಟರ ಬದುಕನ್ನು ನೋಡೋಣ.

ಲೊರಾಂ ಕ್ಲೆರ್ ಹುಟ್ಟಿದ್ದು 1785ರಲ್ಲಿ, ಫ್ರಾನ್ಸಿನ ಒಂದು ಹಳ್ಳಿಯಲ್ಲಿ. ಕೂಸಾಗಿದ್ದಾಗ ಬೆಂಕಿಗೆ ಬಿದ್ದು ಕೆನ್ನೆ ಸುಟ್ಟಿತು. ಕಿವಿ ಹೋದದ್ದೂ ಅದರಿಂದಲೇ ಎಂದು ಮನೆಯವರು ನಂಬಿದ್ದರು. ವೈದ್ಯರು ಕಿವಿಗೆ ಔಷಧಿ ಬಿಟ್ಟರೂ ಫಲ ಸಿಗಲಿಲ್ಲ. 12 ವರ್ಷದವರೆಗೆ ಹುಡುಗ ಶಾಲೆಯನ್ನೇ ಕಾಣದೆ ದನ ಕಾಯುತ್ತಿದ್ದ.

1797ರಲ್ಲಿ ಪ್ಯಾರಿಸ್‌ನ ಕಿವುಡರ ಶಾಲೆಗೆ ಸೇರಿದ ಮೇಲೆ ಎಲ್ಲ ಬದಲಾಯಿತು. ಅಲ್ಲಿ ಪಾಠ ನಡೆಯುತ್ತಿದ್ದುದು ಸನ್ನೆಯಲ್ಲಿ. ಮೊದಲ ಗುರು ಜಾಂ ಮಾಸ್ಯೂ ಅವರಿಗೂ ಕಿವಿ ಕೇಳುತ್ತಿರಲಿಲ್ಲ. ಸನ್ನೆಯ ಮೂಲಕ ಫ್ರೆಂಚ್ ಓದು-ಬರಹ ಕಲಿತ ಕ್ಲೆರ್, ಮುಂದೆ ಅದೇ ಶಾಲೆಯಲ್ಲಿ ಮೇಷ್ಟರಾದರು.

1816ರಲ್ಲಿ ಥಾಮಸ್ ಗ್ಯಾಲೊಡೆಟ್ ಎಂಬುವರ ಜೊತೆ ಅಮೆರಿಕಕ್ಕೆ ಹಡಗು ಹತ್ತಿದರು. 52 ದಿನಗಳ ಪಯಣದಲ್ಲಿ ಕ್ಲೆರ್ ಅವರಿಗೆ ಸನ್ನೆ ಕಲಿಸಿದರು, ಅವರಿಂದ ಇಂಗ್ಲಿಷ್ ಕಲಿತರು. ಹಡಗಿನಲ್ಲೇ ಇಂಗ್ಲಿಷಿನಲ್ಲಿ ದಿನಚರಿಯನ್ನೂ ಬರೆದರು! 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡ್‌ನಲ್ಲಿ ಇಬ್ಬರೂ ಸೇರಿ ಶಾಲೆ ತೆರೆದರು. 1858ರವರೆಗೆ ಅಲ್ಲೇ ಪಾಠ ಮಾಡಿದ ಕ್ಲೆರ್ 1869ರಲ್ಲಿ ತೀರಿಕೊಂಡರು.

ಹಾಗಾದರೆ ಸನ್ನೆಯ ಮೇಲೆ ಅನುಮಾನ ಗಟ್ಟಿಯಾಗಿದ್ದು ಹೇಗೆ? 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯ ಮಾಡಿತು. ಮತ ಹಾಕಿದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಆ ನಿರ್ಣಯದ ನೆರಳು ನೂರು ವರ್ಷ ಉಳಿಯಿತು.

ವಿಷಯ ಸರಳ. ಓದಲು ಮೊದಲು ಒಂದು ಭಾಷೆ ಬೇಕು. ಕಿವಿಯಿಂದ ಬಾರದ ಭಾಷೆ ಕಣ್ಣಿನಿಂದ ಬರಬಹುದು. ಆಮೇಲೆ ಸನ್ನೆಯನ್ನು ಅಕ್ಷರಕ್ಕೆ ಜೋಡಿಸಬೇಕು.

ಕ್ಲೆರ್ ಅವರಂಥ ಮೇಷ್ಟರು ಊರೂರಿಗೆ ಸಿಗುವುದಿಲ್ಲ, ಆದರೆ ಫೋನ್ ಇದೆ. ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳನ್ನು ಭಾರತೀಯ ಸನ್ನೆ ಭಾಷೆಯ ಡಿಜಿಟಲ್ ರೂಪಕ್ಕೆ ತರಲು 2020ರಲ್ಲಿ ಒಪ್ಪಂದವಾಯಿತು. ಇಂಥ ವಿಡಿಯೊ ಪಾಠಗಳು ದೀಕ್ಷಾ ಆ್ಯಪ್‌ನಲ್ಲಿವೆ. ಅಮ್ಮತ್ತಿಯ ಲೈನ್‌ಮನೆಯಲ್ಲಿ ಕೂತ ಮಗುವೂ ಇವನ್ನು ನೋಡಬಹುದು. ಆದರೆ ಫೋನ್ ಕೊಟ್ಟು ಎದ್ದು ಹೋಗಬೇಡಿ. ಜೊತೆಗೆ ಕೂತು ಸನ್ನೆ ನೋಡಿ, ನೀವೂ ಮಾಡಿ, ಅದೇ ಪದವನ್ನು ಕನ್ನಡ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿ. ಶ್ರವಣ ಪರೀಕ್ಷೆ, ಶ್ರವಣ ಸಾಧನ ಬಿಡಬೇಕೆಂದಿಲ್ಲ, ಎರಡೂ ಜೊತೆಗೆ ಸಾಗಬಹುದು.

ಒಟ್ಟಿನಲ್ಲಿ, ಸನ್ನೆ ಭಾಷೆ ಓದಿಗೆ ಅಡ್ಡಿ ಎಂಬ ಮಾತು ತಪ್ಪು. ಅಂಥ ಮಗು ಇರುವ ಮನೆಯವರಿಗೆ ಇದನ್ನು ತಲುಪಿಸಿ.