ಮೌಲಾನಾ ಮುಹಮ್ಮದ್ ಅಲಿ ಜೌಹರ್: ಸಕ್ಕರೆ ಕಾಯಿಲೆಯೊಂದಿಗೆ ಒಂದು ಜೀವನ

ಅಲಿ ಸಹೋದರರ ಹೆಸರು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರ. ಖಿಲಾಫತ್ ಚಳವಳಿ, ಜಾಮಿಯಾ ಮಿಲ್ಲಿಯಾ, ದುಂಡುಮೇಜಿನ ಪರಿಷತ್ತು ಎಂದು ಪರೀಕ್ಷೆಗಾಗಿ ನಾವು ಬಾಯಿಪಾಠ ಮಾಡಿಸುತ್ತೇವೆ. ಆದರೆ ಮೌಲಾನಾ ಮುಹಮ್ಮದ್ ಅಲಿಯವರು ತಮ್ಮ ಹೋರಾಟದ ಬಹುಭಾಗವನ್ನು ಸಕ್ಕರೆ ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡೇ ಮಾಡಿದರೆಂಬ ಸಂಗತಿ ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಸಕ್ಕರೆ ಕಾಯಿಲೆಯವರಿಲ್ಲದ ಮನೆ ನಮ್ಮ ಮೊಹಲ್ಲಾಗಳಲ್ಲಿ ಅಪರೂಪವಾಗಿರುವ ಈ ಕಾಲದಲ್ಲಿ ಅವರ ಜೀವನವನ್ನು ಆ ಕಡೆಯಿಂದ ನೋಡಬೇಕೆನಿಸಿತು.

ಅವರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ರಾಂಪುರದಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ಅಬ್ದುಲ್ ಅಲಿ ಖಾನ್ ತೀರಿಕೊಂಡರು. ತಾಯಿ ಆಬಾದಿ ಬಾನೋ ಬೇಗಂ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರು. ದೇಶವೆಲ್ಲ ಮುಂದೆ ಬೀ ಅಮ್ಮಾ ಎಂದು ಕರೆದದ್ದು ಇವರನ್ನೇ. ಇಂಗ್ಲಿಷ್ ಶಾಲೆಗೆ ಕಳಿಸಿದರೆ ಮಕ್ಕಳು ಕೆಡುತ್ತಾರೆಂದು ಮನೆಯ ಹಿರಿಯರು ಹಣ ಕೊಡಲು ಒಪ್ಪದಿದ್ದಾಗ ಆ ತಾಯಿ ಒಡವೆ ಅಡವಿಟ್ಟು ಓದಿಸಿದರು. ಬರೇಲಿ, ಅಲಿಗಢ, ಕೊನೆಗೆ 1898ರಲ್ಲಿ ಆಕ್ಸ್‌ಫರ್ಡ್‌ನ ಲಿಂಕನ್ ಕಾಲೇಜು. ವಿಲಾಯತಿಗೆ ಹೋಗಲು ಹಣ ಹೊಂದಿಸಿದವರು ಅಣ್ಣ ಶೌಕತ್ ಅಲಿ. ಐ.ಸಿ.ಎಸ್. ಪರೀಕ್ಷೆಯಲ್ಲಿ ತಮ್ಮ ನಪಾಸಾದರು, ಆದರೆ ಇತಿಹಾಸದಲ್ಲಿ ಆನರ್ಸ್ ಪದವಿ ಪಡೆದು ಮರಳಿದರು. ಕೆಲಕಾಲ ರಾಂಪುರ ಮತ್ತು ಬರೋಡಾ ಸಂಸ್ಥಾನಗಳಲ್ಲಿ ನೌಕರಿ.

ಆ ನೌಕರಿಯಲ್ಲೇ ಉಳಿದಿದ್ದರೆ ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಪಿಂಚಣಿ ಎಲ್ಲವೂ ಸಿಗುತ್ತಿತ್ತು. ಅದನ್ನು ಬಿಟ್ಟು 1911ರ ಜನವರಿಯಲ್ಲಿ ಕಲ್ಕತ್ತಾದಿಂದ ‘ಕಾಮ್ರೇಡ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಹೊರಡಿಸಿದರು. ರಾಜಧಾನಿಯ ಹಿಂದೆಯೇ ಪತ್ರಿಕೆಯೂ ದೆಹಲಿಗೆ ಬಂತು. 1913ರಲ್ಲಿ ಉರ್ದು ‘ಹಮ್‌ದರ್ದ್’ ಶುರುವಾಯಿತು. ಪತ್ರಿಕೆ ನಡೆಸುವುದೆಂದರೆ ರಾತ್ರಿಯನ್ನು ಹಗಲು ಮಾಡುವುದು. 1914ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಉತ್ತರವಾಗಿ ತುರ್ಕರ ಪರ ಒಂದು ದೀರ್ಘ ಲೇಖನ ಬರೆಯಲು ನಿದ್ದೆಯನ್ನೇ ಬಿಟ್ಟು ಕೂತರಂತೆ. ಆ ಲೇಖನದಿಂದಲೇ ಸರಕಾರ ‘ಕಾಮ್ರೇಡ್’ನ ಠೇವಣಿ ಮುಟ್ಟುಗೋಲು ಹಾಕಿತು, ಪತ್ರಿಕೆ ನಿಂತಿತು. ಆಗ ಅವರ ವಯಸ್ಸು ಮೂವತ್ತಾರೂ ತುಂಬಿರಲಿಲ್ಲ.

ಆ ಕಾಲಕ್ಕೆ ಈ ರೋಗಕ್ಕೆ ಔಷಧಿ ಇರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ನಮ್ಮ ಶರೀರದಲ್ಲಿ ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ತಲುಪಿಸುತ್ತದೆ. ಅದು ಸಾಲದೆ ಹೋದರೆ, ಇಲ್ಲವೆ ಶರೀರ ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದರೆ, ಸಕ್ಕರೆ ರಕ್ತದಲ್ಲೇ ಉಳಿದು ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರಗಳನ್ನು ಕೆಡಿಸುತ್ತದೆ. ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ್ದು 1921ರಲ್ಲಿ. ರೋಗಿಗೆ ಮೊದಲು ಕೊಟ್ಟದ್ದು 1922ರ ಜನವರಿಯಲ್ಲಿ. ಅದಕ್ಕೆ ಮೊದಲು ವೈದ್ಯರ ಕೈಯಲ್ಲಿದ್ದದ್ದು ಪಥ್ಯ, ವಿಶ್ರಾಂತಿ ಇಷ್ಟೇ. ಮೌಲಾನಾ ಅವರಿಗೆ ಎರಡೂ ದೂರವೇ ಉಳಿದವು.

1915ರಲ್ಲಿ ಸರಕಾರ ಅಣ್ಣತಮ್ಮಂದಿರನ್ನು ನಜರ್‌ಬಂದಿಯಲ್ಲಿಟ್ಟಿತು. ಮೆಹ್ರೌಲಿ, ಲ್ಯಾನ್ಸ್‌ಡೌನ್, ನಂತರ ಛಿಂದ್ವಾಡ, ಕೊನೆಗೆ ಬೈತೂಲ್ ಜೈಲು. 1919ರ ಡಿಸೆಂಬರ್‌ವರೆಗೆ ಹೀಗೇ. ಸಕ್ಕರೆ ಕಾಯಿಲೆ ಜೊತೆಯಲ್ಲೇ ಇತ್ತು. ಛಿಂದ್ವಾಡದಲ್ಲಿ ಅವರು ಕುರ್‌ಆನನ್ನು ಅರ್ಥಸಹಿತ ಆಳವಾಗಿ ಓದಿದರು. ಆಕ್ಸ್‌ಫರ್ಡಿನ ಸೂಟುಬೂಟಿನ ಯುವಕ ಗಡ್ಡ ಬಿಟ್ಟ ಮೌಲಾನಾ ಆದದ್ದು ಈ ವರ್ಷಗಳಲ್ಲಿ. ಬಿಡುಗಡೆಯಾದವರು ಮನೆಗೆ ಹೋಗಿ ಮಲಗಲಿಲ್ಲ, ನೇರ ಅಮೃತಸರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದರು. ಮರುವರ್ಷ ಖಿಲಾಫತ್ ನಿಯೋಗದೊಂದಿಗೆ ಯೂರೋಪು. ಮರಳಿ ಬಂದು ಅಕ್ಟೋಬರ್ 29ರಂದು ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಸ್ಥಾಪನೆ, ಅದರ ಮೊದಲ ಕುಲಪತಿಯ ಹೊಣೆ.

1921ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿಯವರ ಜೊತೆ ಪ್ರಯಾಣದಲ್ಲಿದ್ದಾಗ ವಾಲ್ಟೇರ್ ಸ್ಟೇಷನ್ನಿನಲ್ಲಿ ಮತ್ತೆ ಬಂಧನವಾಯಿತು. ಕರಾಚಿಯ ಖಾಲಿಕ್‌ದೀನಾ ಹಾಲಿನಲ್ಲಿ ವಿಚಾರಣೆ ನಡೆದು ಎರಡು ವರ್ಷ ಕಠಿಣ ಸಜೆ. ಈ ಸಜೆಯ ಒಂದು ಭಾಗವನ್ನು ಅವರು ಕಳೆದದ್ದು ನಮ್ಮ ಬಿಜಾಪುರದ, ಈಗಿನ ವಿಜಯಪುರದ ಜೈಲಿನಲ್ಲಿ. ಗೋಲ್ ಗುಂಬಜ್ ನೋಡಲು ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವ ನಾವು ಶಿಕ್ಷಕರು ಈ ಮಾತನ್ನೂ ಹೇಳಿದರೆ ಒಳ್ಳೆಯದು. ಅವರು ಸೆರೆಯಲ್ಲಿದ್ದಾಗಲೇ ಮಗಳು ಆಮಿನಾಳಿಗೆ ಕ್ಷಯ ತಗುಲಿದ ಸುದ್ದಿ ಬಂತು. ಒಳಗೆ ತಂದೆಗೆ ವಾಸಿಯಾಗದ ರೋಗ, ಹೊರಗೆ ಮಗಳಿಗೆ ಅಂದು ಔಷಧಿಯೇ ಇಲ್ಲದ ರೋಗ. ಹೋಗಿ ನೋಡುವಂತಿಲ್ಲ. ‘ಜೌಹರ್’ ಎಂಬ ಕಾವ್ಯನಾಮದಲ್ಲಿ ಅವರು ಬರೆದ ಕವಿತೆಗಳಲ್ಲಿ ಆ ಮಗಳಿಗಾಗಿ ಬರೆದದ್ದೂ ಇದೆ. ಉರ್ದು ತರಗತಿಯಲ್ಲಿ ಅದನ್ನು ಓದುವಾಗ ನನ್ನ ಧ್ವನಿ ಎಷ್ಟೋ ಸಲ ಕಟ್ಟಿದೆ.

1923ರ ಆಗಸ್ಟ್‌ನಲ್ಲಿ ಬಿಡುಗಡೆ. ಡಿಸೆಂಬರ್‌ನಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ಅಧ್ಯಕ್ಷತೆ. 1924ರಲ್ಲಿ ಆಮಿನಾ ತೀರಿಕೊಂಡಳು. ಅದೇ ವರ್ಷ ನವೆಂಬರ್‌ನಲ್ಲಿ ಬೀ ಅಮ್ಮಾ ಕೂಡ ಹೋದರು. ಈ ಎರಡು ಸಾವುಗಳ ನಡುವೆ, ಸೆಪ್ಟೆಂಬರ್‌ನಲ್ಲಿ, ಗಾಂಧೀಜಿ ಹಿಂದೂ–ಮುಸ್ಲಿಂ ಐಕ್ಯಕ್ಕಾಗಿ 21 ದಿನಗಳ ಉಪವಾಸ ಆರಂಭಿಸಿದ್ದು ದೆಹಲಿಯ ಇವರ ಮನೆಯಲ್ಲೇ. ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಇವರ ನಂತರದ ಅಧ್ಯಕ್ಷರಾದವರೂ ಗಾಂಧೀಜಿಯೇ.

ಮುಂದಿನ ವರ್ಷಗಳು ಸೋಲಿನವು. ಪುನಃ ಶುರುಮಾಡಿದ ‘ಕಾಮ್ರೇಡ್’ 1926ರಲ್ಲಿ ನಿಂತಿತು. 1928ರಲ್ಲಿ ಚಿಕಿತ್ಸೆಗೆಂದು ಯೂರೋಪಿಗೆ ಹೋದರು. ಮರಳಿದಾಗ ನೆಹರೂ ವರದಿಯ ಜಗಳ ಕಾದಿತ್ತು. ಹಳೆಯ ಗೆಳೆಯ ಡಾ. ಅನ್ಸಾರಿಯವರು ಒಂದು ಕಡೆ, ಇವರು ಇನ್ನೊಂದು ಕಡೆ. ಮೌಲಾನಾ ಅವರ ಎಲ್ಲ ತೀರ್ಮಾನಗಳೂ ಸರಿಯೆಂದು ನಾನು ಹೇಳುವುದಿಲ್ಲ. ಅವರ ಕೋಪದ ಮಾತುಗಳು ಸ್ನೇಹಗಳನ್ನು ಕೆಡಿಸಿದ್ದುಂಟು. ತಮ್ಮ ಶರೀರದ ವಿಷಯದಲ್ಲೂ ಅವರು ನ್ಯಾಯವಂತರಾಗಿರಲಿಲ್ಲ. ರೋಗಿಗೆ ಉಪವಾಸದಿಂದಲೇ ರಿಯಾಯಿತಿ ಕೊಟ್ಟಿರುವ ದೀನ್ ನಮ್ಮದು. ಆ ರಿಯಾಯಿತಿಯನ್ನು ಅವರು ತಮ್ಮ ಕೆಲಸದ ವಿಷಯದಲ್ಲಿ ತಮಗೆ ಕೊಟ್ಟುಕೊಳ್ಳಲಿಲ್ಲ.

1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೊರಟಾಗ ಅವರು ನಡೆದಾಡುವ ಸ್ಥಿತಿಯಲ್ಲೂ ಇರಲಿಲ್ಲ. ಪತ್ನಿ ಅಮ್ಜದಿ ಬಾನೋ ಬೇಗಂ ಆರೈಕೆಗೆ ಜೊತೆಗಿದ್ದರು. ನವೆಂಬರ್‌ನ ಭಾಷಣದಲ್ಲಿ, ಸ್ವಾತಂತ್ರ್ಯವಿಲ್ಲದೆ ಗುಲಾಮ ದೇಶಕ್ಕೆ ತಾನು ಮರಳುವುದಿಲ್ಲ, ಅದನ್ನು ಕೊಡದಿದ್ದರೆ ಇಲ್ಲೇ ಗೋರಿಗೆ ಜಾಗ ಕೊಡಬೇಕಾಗುತ್ತದೆ ಎಂಬ ಅರ್ಥದ ಮಾತಾಡಿದರು. ಹೊಸ ವರ್ಷದ ಮೊದಲ ದಿನಗಳಲ್ಲಿ ಹಾಸಿಗೆಯಲ್ಲಿದ್ದೇ ಹಿಂದೂ–ಮುಸ್ಲಿಂ ಸಮಸ್ಯೆಯ ಕುರಿತು ಬ್ರಿಟಿಷ್ ಪ್ರಧಾನಿಗೆ ಪತ್ರ ಹೇಳಿ ಬರೆಸಿದರು. 1931ರ ಜನವರಿ 4ರಂದು ತೀರಿಕೊಂಡರು. ವಯಸ್ಸು 52.

ಗೋರಿ ಲಂಡನ್ನಿನಲ್ಲೂ ಆಗಲಿಲ್ಲ, ರಾಂಪುರದಲ್ಲೂ ಆಗಲಿಲ್ಲ. ಜೆರುಸಲೇಮಿನ ಮುಫ್ತಿ ಅಮೀನ್ ಅಲ್-ಹುಸೈನಿಯವರ ಆಹ್ವಾನದ ಮೇರೆಗೆ ಜನಾಜಾವನ್ನು ಅಲ್ಲಿಗೆ ಒಯ್ದು, ಜನವರಿ 23ರ ಜುಮಾ ದಿನ ಮಸ್ಜಿದುಲ್ ಅಕ್ಸಾದ ಆವರಣಕ್ಕೆ ತಾಗಿದ ಜಾಗದಲ್ಲಿ ದಫನು ಮಾಡಿದರು. ಅಣ್ಣ ಶೌಕತ್ ಅಲಿ ಇನ್ನೂ ಏಳು ವರ್ಷ ಬದುಕಿದ್ದು 1938ರಲ್ಲಿ ತೀರಿಕೊಂಡರು.